ಪ್ರಶ್ನೋತ್ತರ: ಲಿವರ್ ಬಾಕ್ಸ್‌ನಲ್ಲಿ ಇಲಿಯ ನೆನಪಿನ ಪರೀಕ್ಷೆ

(ಗುಂಪಿನ ಮಾತುಕತೆ. ಕೇಳಿದವರನ್ನು ಅವರವರ ಊರು, ಬಡಾವಣೆ ಹೆಸರಿನಲ್ಲಿ ಕೊಟ್ಟಿದೆ; ಉತ್ತರ ಕೊಡುವವರು ಮೇಡಂ.)

ಸರಸ್ವತೀಪುರಂ: ಮೇಡಂ, ನಮಸ್ಕಾರ. 12 ಗಂಡು ವಿಸ್ಟಾರ್ (ಲ್ಯಾಬ್ ತಳಿ) ಇಲಿಗಳಿವೆ. ಮೊದಲು ಬಾಕ್ಸ್ ಗೋಡೆಯ ಎಡ, ಬಲ ಲಿವರ್‌ಗಳಲ್ಲಿ (ಒತ್ತುವ ಸನ್ನೆ) ಒಂದು ಹೊರಗೆ ಬರುತ್ತೆ, ಇಲಿ ಒತ್ತಿದ ಮೇಲೆ ಒಳಗೆ ಹೋಗುತ್ತೆ. ಡಿಲೇ (ಕಾಯುವ ಹೊತ್ತು) ಮುಗಿದ ಮೇಲೆ ಎರಡೂ ಬರುತ್ತವೆ. ಮೊದಲು ಒತ್ತದೇ ಇದ್ದದ್ದನ್ನು ಒತ್ತಿದರೆ ಪೆಲೆಟ್ (ತಿಂಡಿ ಗುಳಿಗೆ). ಡಿಲೇ 0, 4, 8, 16, 24 ಸೆಕೆಂಡು, ದಿನಕ್ಕೆ 60 ಟ್ರಯಲ್. ಸೊನ್ನೆಯಲ್ಲಿ ಶೇ 91 ಸರಿ, 24ರಲ್ಲೂ ಶೇ 88. ಗೈಡ್‌ಗೆ ಖುಷಿ. ಸೋಮವಾರದಿಂದ ನೆನಪು ಕೆಡಿಸುವ ಔಷಧ ಸ್ಕೋಪಾಲಮಿನ್ ಕೊಡಬಹುದಾ?

ಮೇಡಂ: ಬೇಡ. ಡಿಲೇ ಹೆಚ್ಚಾದಷ್ಟೂ ತಪ್ಪು ಹೆಚ್ಚಬೇಕು. ಗ್ರಾಫಿನ ಗೆರೆ ಮಟ್ಟಸವಾಗಿದ್ದರೆ ಇಲಿ ನೆನಪಿಟ್ಟುಕೊಂಡಿಲ್ಲ, ಜಾಗ ಹಿಡಿದು ಕೂತಿದೆ ಅಂತ ಅನುಮಾನಪಡಿ. 24 ಸೆಕೆಂಡಿನ ಟ್ರಯಲ್‌ಗಳ ವಿಡಿಯೋ ತೆಗೆದು ನೋಡಿ. ಎಡ ಲಿವರ್ ಒತ್ತಿದ ಕೂಡಲೇ ಬಲಗಡೆ ಹೋಗಿ, ಲಿವರ್ ಬರುವ ಸೀಳಿಗೆ ಮೀಸೆ ತಾಗಿಸಿಕೊಂಡು ನಿಂತಿರುತ್ತೆ. ಲಿವರ್ ಬಂತು, ಒತ್ತಿತು. ಅದರಲ್ಲಿ ನೆನಪಿನ ಕೆಲಸ ಏನೂ ಇಲ್ಲ.

ಡಿಲೇ ಹೊತ್ತಿನಲ್ಲಿ ಅದು ಎದುರು ಗೋಡೆಯ ರಂಧ್ರಕ್ಕೆ ಮೂಗು ಹಾಕುತ್ತಿರಬೇಕು. ಸಮಯ ಮುಗಿದ ತಕ್ಷಣ ಲಿವರ್ ಬಿಡಬೇಡಿ. ಮುಗಿದ ಮೇಲಿನ ಮೊದಲ ಮೂಗಿಗೆ ಎರಡೂ ಒಟ್ಟಿಗೆ ಬರಲಿ. ರಂಧ್ರ ಎರಡು ಲಿವರ್ ಮಧ್ಯೆಯೇ ಇದ್ದರೆ, ಮೂಗು ಒಳಗೆ, ಮೈ ಒಂದು ಕಡೆಗೆ ವಾಲಿಸಿಕೊಂಡು ನಿಲ್ಲುವ ಇಲಿಗಳಿರುತ್ತವೆ. ಡಿಲೇಗಳನ್ನು ಒಂದೇ ಸೆಷನ್‌ನಲ್ಲಿ ಕಲಸಿ ಕೊಡಿ. 60 ಟ್ರಯಲ್ ಅಂದರೆ ಡಿಲೇಗೆ 12 ಮಾತ್ರ, ಒಂದು ತಪ್ಪಿದರೆ ಶೇ 8 ಇಳಿಯುತ್ತೆ. ಒಂದು ದಿನದ ಅಂಕಿ ನಂಬಬೇಡಿ, ಕೆಲವು ದಿನದ್ದು ಕೂಡಿಸಿ.

ಸ್ಕೋಪಾಲಮಿನ್ ಕೊಟ್ಟಾಗ ಸೊನ್ನೆ ಡಿಲೇಯಲ್ಲೂ ಅಂಕ ಬಿದ್ದರೆ ಅದನ್ನು ನೆನಪಿನ ನಷ್ಟ ಅಂತ ಬರೆಯುವ ಹಾಗಿಲ್ಲ. ಗಮನ ಕೆಟ್ಟಿರಬಹುದು. ಬಾಯಿ ಒಣಗಿ ಪೆಲೆಟ್ ಬೇಡವಾಗಿರಲೂಬಹುದು. ಸೆಷನ್ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಪೆಲೆಟ್ ಎಣಿಸಿ. ಬಾಯಿ ಒಣಗುವಂಥ ಪರಿಣಾಮವನ್ನು ಬೇರೆಯಾಗಿ ನೋಡಲು, ಮಿದುಳಿಗೆ ಅಷ್ಟಾಗಿ ಹೋಗದ ಮೀಥೈಲ್‌ಸ್ಕೋಪಾಲಮಿನ್‌ನ ಗುಂಪೊಂದು ಇರಲೇಬೇಕು.

ಮದ್ದೂರು: ಫೀಡರ್ ಟಕ್ ಅನ್ನುತ್ತೆ, ಪೆಲೆಟ್ ಬೀಳಲ್ಲ. ಸಾಫ್ಟ್‌ವೇರ್ ಮಾತ್ರ ಬಹುಮಾನ ಕೊಟ್ಟೆ ಅಂತ ಬರ್ಕೊಳ್ಳುತ್ತೆ.

ಮೇಡಂ: ಮಳೆಗಾಲದ ತೇವ. 45 ಮಿಲಿಗ್ರಾಂ ಪೆಲೆಟ್ ಪುಡಿಯಾಗಿ ತಿರುಗುವ ತಟ್ಟೆಗೆ ಮೆತ್ತಿದೆ. ಜರಡಿ ಹಿಡಿದು ತುಂಬಿ. ಸಂಜೆ ಖಾಲಿ ಮಾಡಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ಮಂಡ್ಯ: ಪೆಲೆಟ್ ದುಬಾರಿ ಕಣ್ರೀ. ನಮ್ಮ ಬೆಲ್ಲದ ಉಂಡೆ ಮಾಡಿ ಹಾಕಿ.

ಮದ್ದೂರು: ಬೆಲ್ಲ ಈ ತೇವಕ್ಕೆ ನೀರೊಡೆಯುತ್ತೆ. ಆಮೇಲೆ ಫೀಡರ್ ನೀವೇ ಬಂದು ಉಜ್ಜುತ್ತೀರಾ?

ಕುವೆಂಪುನಗರ: ಇಲಿಗೆ ಎಷ್ಟು ಉಪವಾಸ ಹಾಕಬೇಕು ಮೇಡಂ?

ಮೇಡಂ: ಹೊಟ್ಟೆತುಂಬ ತಿನ್ನುವಾಗಿನ ತೂಕದ ಶೇ 85ಕ್ಕಿಂತ ಕೆಳಗೆ ಬೇಡ. ಎಳೆ ಇಲಿಯಾದರೆ ಅದೇ ವಯಸ್ಸಿನ, ಪೂರ್ತಿ ತಿನ್ನುವ ಇಲಿಯ ತೂಕಕ್ಕೆ ಹೋಲಿಸಿ. ದಿನಾ ತೂಗಿ. ನೀರು ನಿಲ್ಲಿಸಬಾರದು. ಎಥಿಕ್ಸ್ ಕಮಿಟಿ ಒಪ್ಪಿದ್ದಕ್ಕಿಂತ ಒಂದು ಗ್ರಾಂ ಕೂಡ ಇಳಿಸಬೇಡಿ.

ಶ್ರೀರಂಗಪಟ್ಟಣ: ಲಿವರ್ ನಿಯಂತ್ರಣಕ್ಕೆ ಆರ್ಡುಯಿನೋ (ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಸಾಕಾ?

ಪಾಂಡವಪುರ: ಫಾರ್ವರ್ಡ್ ಬಂದಿದೆ: “ಸಾರಸ್ವತಾರಿಷ್ಟ ಕುಡಿದ ಇಲಿಯ ನೆನಪು ದುಪ್ಪಟ್ಟು! ಎಸ್ಸೆಸ್ಸೆಲ್ಸಿ ಮಕ್ಕಳಿಗೆ ದಿನಾ ಎರಡು ಚಮಚ.” ನಮ್ಮ ಇಲಿಗೂ ಕುಡಿಸಬಹುದಾ?

ಮೇಡಂ: ಅರಿಷ್ಟ ಹುದುಗಿಸಿದ್ದು, ಅದರಲ್ಲಿ ಆಲ್ಕೋಹಾಲ್ ಇರುತ್ತೆ. ಬರೀ ನೀರು ಕುಡಿದ ಗುಂಪಿನ ಜೊತೆ ಹೋಲಿಸಿದರೆ ನೀವು ಅಳೆದದ್ದು ಮೂಲಿಕೆಯನ್ನೋ, ಮದ್ಯವನ್ನೋ? ಕಂಟ್ರೋಲ್ ಗುಂಪಿಗೂ ಅಷ್ಟೇ ಆಲ್ಕೋಹಾಲ್, ಅಷ್ಟೇ ಸಿಹಿ ಹೋಗಬೇಕು. ಮಕ್ಕಳ ವಿಷಯ ಇಲ್ಲಿ ತರಬೇಡಿ, ವೈದ್ಯರನ್ನು ಕೇಳದೆ ಕುಡಿಸಲೂಬೇಡಿ. ಯಾವ ಡೋಸ್, ಯಾವ ಪರೀಕ್ಷೆ ಅಂತ ಇಲ್ಲದ ಫಾರ್ವರ್ಡ್ ಹಾಕಿದರೆ ಅಳಿಸುತ್ತೇನೆ.

ಮಂಡ್ಯ: ಹಾಗಾದ್ರೆ ಒಂದೆಲಗದ ರಸ ಕೊಡಿ. ಗದ್ದೆ ಬದುವಿನಲ್ಲೇ ಸಿಗುತ್ತೆ.

ಕುವೆಂಪುನಗರ: ಬ್ರಾಹ್ಮಿ ಅಂತ ನೆನಪಿನ ಸಂಶೋಧನೆಯಲ್ಲಿ ಹೆಚ್ಚಾಗಿ ಬಳಸೋದು ನೀರುಬ್ರಾಹ್ಮಿ, ಒಂದೆಲಗ ಅಲ್ಲ. ಗಿಡವೇ ಬೇರೆ.

ಮಂಡ್ಯ: ನಮ್ಮಜ್ಜಿ ತಂಬುಳಿ ಮಾಡ್ತಿದ್ದದ್ದು ಒಂದೆಲಗದ್ದೇ. ನಿಮ್ಮ ಪುಸ್ತಕ ನೀವೇ ಇಟ್ಕೊಳ್ಳಿ.

ಕುವೆಂಪುನಗರ: ತಂಬುಳಿ ಉಣ್ಣಿ ಸ್ವಾಮಿ, ಯಾರು ಬೇಡ ಅಂದ್ರು? ಥೀಸಿಸ್‌ನಲ್ಲಿ ಬರೀಬೇಡಿ ಅಷ್ಟೇ.

ಮೇಡಂ: ಇಬ್ಬರೂ ನಿಲ್ಲಿಸಿ. ಯಾವುದನ್ನೇ ಕೊಟ್ಟರೂ ಗಿಡವನ್ನು ಸಸ್ಯಶಾಸ್ತ್ರದವರಿಂದ ಗುರುತಿಸಿ, ಮಾದರಿ ಒಣಗಿಸಿ ಹರ್ಬೇರಿಯಂನಲ್ಲಿಡಿ.

ಪಾಂಡವಪುರ: ಉಪವಾಸ ಎಷ್ಟು ಅಂತ ಯಾರಾದ್ರೂ ಹೇಳ್ತೀರಾ?

ಮೇಡಂ: ಮೇಲೆ ಓದಿ.

ಸರಸ್ವತೀಪುರಂ: ವಿಡಿಯೋ ನೋಡಿದೆ ಮೇಡಂ. 9 ಇಲಿ ಸೀಳಿನ ಮುಂದೆಯೇ ನಿಂತಿವೆ. ಆದ್ರೂ ಗೈಡ್ ಸೋಮವಾರವೇ ಶುರು ಮಾಡು ಅಂತಾರೆ.

ಮೇಡಂ: ವಿಡಿಯೋ ಅವರಿಗೇ ತೋರಿಸಿ. ಎದುರು ಗೋಡೆಗೆ ರಂಧ್ರ ಹಾಕಿಸಿ, ಸೊನ್ನೆ ಡಿಲೇಯಿಂದ ಮತ್ತೆ ಕಲಿಸಿ.

ಶ್ರೀರಂಗಪಟ್ಟಣ: ಆರ್ಡುಯಿನೋ ಬಗ್ಗೆ ಕೇಳಿದ್ದೆ…