ರೋಡಿನ ಬದಿ ಕಂಡ ಹಳದಿ ಹೂವಿನ ದೊಡ್ಡ ಗಿಡ ಯಾವುದು?

ಪ್ರಶ್ನೆ, ಕಲಬುರಗಿಯಿಂದ: ಹುಮನಾಬಾದ್ ಮೇಲಿಂದ ಬೀದರಿಗೆ ಹೋಗುವಾಗ, ಕಮಲಾಪುರ ದಾಟಿದ ಮೇಲೆ ಒಂದು ಕಂಪೌಂಡಿನಲ್ಲಿ ಹತ್ತಡಿ ಎತ್ತರದ ಗಿಡ ಕಂಡೆ. ಮೈತುಂಬ ಗಂಟೆಯಾಕಾರದ ಹಳದಿ ಹೂ. ಫೋಟೊ ಮಸುಕಾಗಿದೆ. ಹೆಸರೇನು? ನಮ್ಮದು ಎರೆ ಮಣ್ಣು, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಹಚ್ಚಬಹುದಾ?

ಬೀದರಿನಿಂದ: ಹೂವು ಟೊಂಗೆಯ ತುದಿಗೆ ಗೊಂಚಲಾಗಿದ್ದರೆ ಟೆಕೋಮಾ. ಆದರೆ ಬರೀ ಹೂ ನೋಡಿ ಹೇಳಬಾರದು, ಎಲೆ ನೋಡ್ರಿ. ಒಂದು ಕಡ್ಡಿಗೆ ಐದೋ ಏಳೋ ಎಲೆ, ಅಂಚು ಬೇವಿನೆಲೆಯಂತೆ ಗರಗಸ. ಕಡ್ಡಿಗಳು ಎದುರುಬದುರು ಜೋಡಿಯಾಗಿ ಬರ್ತಾವ. ಹೂವಿನ ಗಂಟಲೊಳಗೆ ಸಣ್ಣ ಕೆಂಪು ಗೆರೆ. ಗೇಣುದ್ದದ ತೆಳ್ಳನೆ ಕಾಯಿ ಜೋತಿರ್ತಾವ, ಒಡೆದರೆ ರೆಕ್ಕೆ ಇರೋ ಬೀಜ.

ಬಸವಕಲ್ಯಾಣದಿಂದ: ತಂಗಡಿ ಅಲ್ಲವಾ? ನಮ್ಮ ಕಡೆ ದಾರಿಯುದ್ದಕ್ಕೂ ಅದೇ.

ಬೀದರಿನಿಂದ: ಅಲ್ರಿ. ತಂಗಡಿ, ಅಂದ್ರ ಆವರಿಕೆ, ಗಂಟೆಯಾಕಾರ ಅಲ್ಲ. ಐದು ಎಸಳು ಬಿಡಿಬಿಡಿ, ಎಲೆಯಂಚು ನುಣುಪು, ಕಾಯಿ ಚಪ್ಪಟೆ.

ಯಾದಗಿರಿಯಿಂದ: ಮಕ್ಕಳಿರುವ ಮನೆಯಾದ್ದರಿಂದ ಹಳದಿ ಕಣಗಿಲೆ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅದರ ಹೂವೂ ಹಳದಿ, ಗಂಟೆಯಂತೆಯೇ. ಎಲೆ ಮಾತ್ರ ಒಂಟಿ, ಬೆರಳಗಲಕ್ಕಿಂತ ಸಣ್ಣದು, ಉದ್ದ, ಮಿರಿಮಿರಿ. ಎಲೆ ಚಿವುಟಿದರೆ ಹಾಲು ಬರುತ್ತದೆ, ಟೆಕೋಮಾದಲ್ಲಿ ಬರುವುದಿಲ್ಲ. ಹಸಿರು ಕಾಯಿ ಮಾಗಿ ಕಪ್ಪಾಗುತ್ತದೆ, ಮಕ್ಕಳು ಆಡಲು ಆರಿಸಿಕೊಳ್ಳುವುದು ಅದನ್ನೇ. ಇಡೀ ಗಿಡ ವಿಷ, ಬೀಜ ಇನ್ನೂ ಕೆಟ್ಟದ್ದು: ವಾಂತಿ ಶುರುವಾಗಿ ಹೃದಯದ ಬಡಿತ ತಪ್ಪುತ್ತದೆ. ಬಾಯಿಗೆ ಹಾಕಿಕೊಂಡದ್ದು ಗೊತ್ತಾದರೆ ಮನೆಮದ್ದು ಬೇಡ, ಕಾಯಿಯ ಸಮೇತ ಆಸ್ಪತ್ರೆಗೆ ಓಡಿ. ನರ್ಸರಿಯವರು ‘ಪೀಲಾ ಕನೇರ್’ ಅಂದು ಕೊಡುವುದು ಇದನ್ನೇ. ದನ, ಆಡು ಮುಟ್ಟುವುದಿಲ್ಲವೆಂದು ರೋಡಿನ ಡಿವೈಡರಿಗೆ ಕಣಗಿಲೆ ಹಾಕುತ್ತಾರೆ, ಮನೆಗೆ ಯಾಕೆ ಬೇಕು?

ಚಿತ್ತಾಪುರದಿಂದ: ಟೆಕೋಮಾ ಎರೆಯಲ್ಲೂ ಬರ್ತದ, ನೀರು ನಿಲ್ಲಬಾರದು ಅಷ್ಟೆ. ಎಲ್ಲರೂ ಗುಂಡಿ ತೋಡಿ ಮೊರಂ, ಅಂದ್ರ ಗರಸು ಮಣ್ಣು, ತುಂಬ್ತಾರ. ಸುತ್ತಲಿನ ಎರೆ ನೀರು ಬಿಡೋದಿಲ್ಲ, ಮಳೆಗಾಲದಾಗ ಗುಂಡಿಯೇ ಹೊಂಡ ಆಗಿ ಬೇರು ಕೊಳೀತದ. ಅದರ ಬದಲು ನೆಲದ ಮೇಲೆ ಒಂದಡಿ ಎತ್ತರ, ಮೂರಡಿ ಅಗಲದ ದಿಬ್ಬ ಮಾಡ್ರಿ: ಎರಡು ಪಾಲು ಮಣ್ಣು, ಒಂದು ಪಾಲು ಮೊರಂ, ಒಂದು ಪಾಲು ಹಳೆ ತಿಪ್ಪೆಗೊಬ್ಬರ. ದಿನವಿಡೀ ಬಿಸಿಲು ಬೇಕು, ನೆರಳಾದರೆ ಬರೀ ಎಲೆ. ಗೋಡೆಯಿಂದ ಐದಡಿ ದೂರ ಇರಲಿ.

ಬೀದರಿನಿಂದ: ಬೀಜಕ್ಕಿಂತ ಕಡ್ಡಿ ಲೇಸು. ಜುಲೈದಾಗ ಅರೆಬಲಿತ ಟೊಂಗೆ ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು ಉಸುಕು ಕಲಸಿದ ಮಣ್ಣಿಗೆ ಊರಿ ನೆರಳಿಗಿಡ್ರಿ. ಹೂ ಬರೋದು ಹೊಸ ಚಿಗುರಿಗೆ, ಅದಕ್ಕ ಒಂದು ಸುತ್ತು ಹೂ ಮುಗಿದ ಕೂಡಲೇ ಮೂರನೇ ಒಂದು ಪಾಲು ಸವರಬೇಕು. ಕಾಯಿ ಒಣಗೋಕೆ ಬಿಡಬ್ಯಾಡ್ರಿ, ಬೀಜ ಹಾರಿ ಪಕ್ಕದವರ ಹೊಲದಾಗೂ ಹುಟ್ತದ.