ತಮ್ಮನ ಶುಗರ್ ನೋಡೋದು ಯಾವ ಡಾಕ್ಟರ ಕೆಲಸ?

ಅಕ್ಕ (ಪ್ರಶ್ನೆ):

ನನ್ನ ತಮ್ಮನಿಗೆ 27 ವರ್ಷ. ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಅಂತ ಗೊತ್ತಾಗಿ ಮೂರು ವರ್ಷ ಆಯಿತು. ಅದಕ್ಕೆ ಓಲಾಂಜಪಿನ್ ಮಾತ್ರೆ ಶುರುವಾದ ಮೇಲೆ ಕಿವಿಗೆ ಬೀಳುತ್ತಿದ್ದ ದನಿಗಳು ನಿಂತವು, ನಿದ್ದೆ ಬಂತು. ಆದರೆ 58 ಕೆಜಿ ಇದ್ದವನು 79 ಆದ. ಉಂಡು ಕೈ ತೊಳೆದವನು ಮತ್ತೆ ಬಂದು ಅನ್ನದ ಪಾತ್ರೆಯ ಮುಚ್ಚಳ ತೆಗೆಯುತ್ತಾನೆ.

ಹೋದ ಬೇಸಿಗೆಯಲ್ಲಿ ನೀರು ಕುಡಿಯೋದು ವಿಪರೀತ ಆಯಿತು. ತಲೆದೆಸೆಗೆ ಇಟ್ಟ ಚೊಂಬು ಸಾಲದೆ ರಾತ್ರಿ ಎದ್ದು ಬಿಂದಿಗೆಗೇ ಲೋಟ ಹಾಕುತ್ತಿದ್ದ. ಊರಿನ ಡಾಕ್ಟರಿಗೆ ತೋರಿಸಿದೆ. ಅವರು ಹಳೇ ಚೀಟಿ ನೋಡಿದರು, ತಮ್ಮನನ್ನು ನೋಡಲಿಲ್ಲ. "ಇದು ಆ ಕಾಯಿಲೆಯದೇ, ಮಾನಸಿಕ ಡಾಕ್ಟರ ಹತ್ತಿರ ಹೋಗಿ" ಅಂದುಬಿಟ್ಟರು. ಜಿಲ್ಲಾಸ್ಪತ್ರೆಗೆ ಹೋಗಿಬರೋದು ಅಂದರೆ ಒಂದು ದಿನದ ಕೂಲಿ ಹೋದ ಹಾಗೆ. ಸುಮ್ನೆ ತಡೆದೆವು.

ಕೊನೆಗೆ ಕಂಡುಹಿಡಿದದ್ದು ಅಮ್ಮ. ಅವನು ಉಚ್ಚೆ ಹೊಯ್ದ ಬಚ್ಚಲ ಮೂಲೆಗೆ ಇರುವೆ ಸಾಲುಗಟ್ಟಿದ್ದವು. "ನಿಮ್ಮ ತಾತನಿಗೂ ಹಿಂಗೇ ಆಗಿತ್ತು" ಅಂದಳು. ಲ್ಯಾಬಿನಲ್ಲಿ ನೋಡಿಸಿದರೆ ಖಾಲಿ ಹೊಟ್ಟೆಗೆ ಶುಗರ್ 286!

ಈಗ ನೆಂಟರೆಲ್ಲ ಆ ಮಾತ್ರೆ ನಿಲ್ಲಿಸಿ ಅಂತಿದ್ದಾರೆ. ನಿಲ್ಲಿಸಬಹುದಾ? ಇನ್ನು ಮುಂದೆ ಶುಗರ್, ಬಿಪಿ ಯಾರ ಹತ್ತಿರ ನೋಡಿಸಬೇಕು?

ಪಿಎಚ್‌ಸಿ ಸಿಸ್ಟರ್:

ಮೇಡಂ, ನೀವಾಗೇ ನಿಲ್ಲಿಸಬೇಡಿ. ದನಿಗಳು ವಾಪಸ್ ಬಂದರೆ ಶುಗರ್ ಮಾತ್ರೆಯನ್ನೂ ನುಂಗಲ್ಲ ಅಂತಾನೆ. ಮನೋವೈದ್ಯರಿಗೆ ಆ ರಿಪೋರ್ಟ್ ತೋರಿಸಿ. ಕೆಲವರಿಗೆ ಅರಿಪಿಪ್ರಜೋಲ್ ತರದ, ತೂಕ ಅಷ್ಟಾಗಿ ಏರಿಸದ ಮಾತ್ರೆಗೆ ನಿಧಾನವಾಗಿ ಬದಲಾಯಿಸುತ್ತಾರೆ. ಕೆಲವರಿಗೆ ಜೊತೆಗೆ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಕೊಡುತ್ತಾರೆ.

ಶುಗರ್, ಬಿಪಿ ನಮ್ಮಲ್ಲೇ ನೋಡಬಹುದು. ತೊಂದರೆ ಏನಂದರೆ, ನಮ್ಮ ತಪಾಸಣೆ ಪಟ್ಟಿ ಶುರುವಾಗೋದು 30 ವರ್ಷದಿಂದ. ನಿಮ್ಮ ತಮ್ಮನ ಹೆಸರು ಅದರಲ್ಲಿ ಬರಲ್ಲ. ಅದಕ್ಕೇ ನೀವೇ ಬಾಯಿಬಿಟ್ಟು ಕೇಳಬೇಕು. ಇಂಥ ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ, ಶುರುವಾಗಿ 3 ತಿಂಗಳಾದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಶುಗರ್ ನೋಡಲೇಬೇಕು. ಈಗ ಶುಗರ್ ಬಂದಿರೋದರಿಂದ ಇನ್ನೂ ಬೇಗ ಬೇಗ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೇ ಬರುತ್ತಾರೆ, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ವಿಚಾರಿಸಿ. ನಡುವೆ ಏನಾದರೂ ಕೇಳಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ, 14416. ಕನ್ನಡದಲ್ಲೇ ಮಾತಾಡಬಹುದು.

ಬೀಡಿ ಬಿಟ್ಟವನ ತಮ್ಮ:

ಅಕ್ಕ, ನಿಮ್ಮ ತಮ್ಮ ಬೀಡಿ ಸೇದುತ್ತಾನಾ? ನಮ್ಮಣ್ಣನೂ ಓಲಾಂಜಪಿನ್ ಮೇಲೇ ಇದ್ದಾನೆ. ದಿನಕ್ಕೆ ಎರಡು ಕಟ್ಟು ಸೇದುತ್ತಿದ್ದವನು ಒಂದೇ ಏಟಿಗೆ ಬಿಟ್ಟ. ನಾವು ಖುಷಿಪಟ್ಟರೆ ಅವನು ಹಗಲೆಲ್ಲ ತೂಕಡಿಸೋಕೆ ಶುರು ಮಾಡಿದ. ಬೀಡಿ ಹೊಗೆ ಈ ಔಷಧವನ್ನು ಮೈಯಿಂದ ಬೇಗ ಖಾಲಿ ಮಾಡುತ್ತದಂತೆ. ಬಿಟ್ಟರೆ ಅದೇ ಡೋಸ್ ಜಾಸ್ತಿ ಆಗುತ್ತದೆ. ಡಾಕ್ಟರ್ ಡೋಸ್ ಇಳಿಸಿದ ಮೇಲೆ ಸರಿಹೋದ. ಬಿಡಿಸಿ, ಆದರೆ ಮೊದಲೇ ಅವರಿಗೆ ಹೇಳಿ.

ಅಕ್ಕ:

ಇಲ್ಲಪ್ಪ, ಬೀಡಿ ಇಲ್ಲ, ದಿನಕ್ಕೆ ಆರು ಟೀ ಇದೆ. ಸಕ್ಕರೆ ಹಾಕಿ.

ಮಂಗಳವಾರ ಹೋಗಿಬಂದೆವು. ಮೆಟ್‌ಫಾರ್ಮಿನ್ ಕೊಟ್ಟಿದ್ದಾರೆ, ಹಳೇ ಮಾತ್ರೆಯ ವಿಷಯ ಮುಂದಿನ ಸಲ ನೋಡೋಣ ಅಂದರು. ಸಿಸ್ಟರ್, ಎರಡೂ ಚೀಟಿ ಒಂದೇ ಕವರಿಗೆ ಹಾಕಿ, ಮೇಲೆ ದಪ್ಪಕ್ಷರದಲ್ಲಿ "ಶುಗರ್ ಇದೆ" ಅಂತ ಬರೆದಿದ್ದೇನೆ. ಇನ್ನು ಮೇಲೆ ಯಾವ ಡಾಕ್ಟರಾದರೂ ಮೊದಲು ಅದನ್ನೇ ಓದಲಿ.

ತಮ್ಮ ನಿನ್ನೆ ಬಚ್ಚಲಿಂದಲೇ ಕೂಗಿದ: "ಅಕ್ಕಾ, ಇರುವೆ ಕಮ್ಮಿ ಆಗಿದಾವೆ!"