ದುಬೈಯಲ್ಲಿ ಫ್ಲಾಟ್: ಬೆಲೆ ಬಿಟ್ಟು ಕೈಯಲ್ಲಿ ಎಷ್ಟಿರಬೇಕು?

ಕೇಳಿದ್ದು: ದುಬೈಗೆ ಬಂದು 9 ವರ್ಷ ಆಯ್ತು, ಬಾಡಿಗೆ ಕಟ್ಟಿ ಸಾಕಾಗಿದೆ. 10 ಲಕ್ಷ ದಿರ್ಹಮಿನ ಹಳೆಯ ಫ್ಲಾಟ್ ನೋಡಿದ್ದೇವೆ. ಬ್ಯಾಂಕ್ 80% ಸಾಲ ಕೊಡುತ್ತದಂತೆ. ಉಳಿತಾಯ 2 ಲಕ್ಷ ಇದೆ. ಸಾಕಾ? ಕೊಂಡವರು ಹೇಳಿ.

ದುಬೈಯಿಂದ: ಸಾಕಾಗುವುದಿಲ್ಲ ಸರ್. ನಾನೂ ಇದೇ ಲೆಕ್ಕ ಹಾಕಿ ಸಿಕ್ಕಿಬಿದ್ದವನು. ನಿಮ್ಮ 2 ಲಕ್ಷ ಡೌನ್ ಪೇಮೆಂಟಿಗೇ ಮುಗಿಯಿತು. ಲ್ಯಾಂಡ್ ಡಿಪಾರ್ಟ್‌ಮೆಂಟಿಗೆ ಬೆಲೆಯ 4%, ಅಂದರೆ 40,000. ಬೇರೆ ಒಪ್ಪಂದ ಇಲ್ಲದಿದ್ದರೆ ಇದನ್ನು ಮಾರುವವರೂ ಕೊಳ್ಳುವವರೂ ಅರ್ಧರ್ಧ ಕೊಡಬೇಕು ಅಂತ ಕಾನೂನು. ಹಾಗೆ ಕೊಟ್ಟ ಮಾರಾಟಗಾರನನ್ನು ನಾನಂತೂ ನೋಡಿಲ್ಲ, ಪೂರ್ತಿ ನಮ್ಮ ತಲೆಗೇ ಬರುತ್ತದೆ. ಬ್ರೋಕರ್‌ಗೆ 2%, ಅದಕ್ಕೆ ವ್ಯಾಟ್ ಸೇರಿ 21,000. ಮಾರಾಟ ನೋಂದಾಯಿಸುವ ಟ್ರಸ್ಟೀ ಆಫೀಸಿಗೆ 4,200. ಸಾಲದ ರಿಜಿಸ್ಟ್ರೇಷನ್‌ಗೆ ಸಾಲದ 0.25%, ಜೊತೆಗೆ 290. ನನ್ನ ಬ್ಯಾಂಕ್ ಪ್ರೊಸೆಸಿಂಗ್ ಅಂತ ಸಾಲದ 1% ಹಿಡಿಯಿತು, ವ್ಯಾಲ್ಯುವೇಷನ್‌ಗೆ 3,000 ಬೇರೆ. ಎಲ್ಲ ಸೇರಿದರೆ 80,000ದ ಹತ್ತಿರ. ಮೊದಲು ಕೆಲವು ಬ್ಯಾಂಕುಗಳು ಈ ಫೀಸನ್ನೂ ಸಾಲಕ್ಕೆ ಸೇರಿಸುತ್ತಿದ್ದವು. 2025ರ ಫೆಬ್ರವರಿಯಿಂದ ಅದು ನಿಂತಿದೆ.

ಮಂಗಳೂರಿನಿಂದ: ಊರಿನಿಂದ ದುಡ್ಡು ತರಿಸುವ ಯೋಚನೆ ಇದ್ದರೆ ಇದನ್ನೂ ನೋಡಿಕೊಳ್ಳಿ. ತಮ್ಮ ದುಬೈಯಲ್ಲಿದ್ದಾನೆ, ಫ್ಲಾಟ್ ಇಬ್ಬರ ಹೆಸರಿನಲ್ಲಿದೆ. ನಾನು ಇಲ್ಲೇ ಇರುವವನು, ಹಾಗಾಗಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿಯೊಳಗೆ ಕಳಿಸಬೇಕಾಯಿತು. ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. 50 ಲಕ್ಷ ಕಳಿಸಿದೆ, 8 ಲಕ್ಷ ಹೆಚ್ಚಿಗೆ ಕಟ್ಟಿದೆ! ರಿಟರ್ನ್ಸ್ ಹಾಕಿದಾಗ ತೆರಿಗೆಗೆ ವಜಾ ಆಗಿ ಉಳಿದದ್ದು ವಾಪಸ್ ಬರುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಆ ದುಡ್ಡು ನಮ್ಮದಲ್ಲ, ಅಲ್ವಾ? ತಮ್ಮನ ಎನ್‌ಆರ್‌ಇ ಖಾತೆಯಿಂದ (ಅನಿವಾಸಿಗಳು ಹೊರಗಿನ ದುಡಿಮೆ ಇಡುವ ಖಾತೆ) ಹೋದದ್ದಕ್ಕೆ ಈ ಕಾಟ ಇರಲಿಲ್ಲ. ನನ್ನ ಪಾಲನ್ನು ಪ್ರತಿ ವರ್ಷ ರಿಟರ್ನ್ಸಿನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ಬಿಟ್ಟರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಶಾರ್ಜಾದಿಂದ: ಕೀ ಕೈಗೆ ಬಂದ ಮೇಲಿನ ಖರ್ಚನ್ನು ಯಾರೂ ಹೇಳಲಿಲ್ಲ. ಕರೆಂಟು-ನೀರು ಕೊಡುವ ಸಂಸ್ಥೆ ದೇವಾಕ್ಕೆ (DEWA) 2,000 ಡೆಪಾಸಿಟ್. ಕಟ್ಟಡದ ನಿರ್ವಹಣೆಗೆ ಕಟ್ಟುವ ಸರ್ವೀಸ್ ಚಾರ್ಜ್ ಚದರಡಿ ಲೆಕ್ಕ. ನನ್ನ ದುಬೈ ಫ್ಲಾಟಿಗೆ ಚದರಡಿಗೆ 18, 900 ಚದರಡಿಗೆ ವರ್ಷಕ್ಕೆ 16,200. ಜಿಮ್ಮಿಗೆ ಒಂದು ದಿನ ಹೋಗಿಲ್ಲ, ಸುಮ್ನೆ ಕಟ್ಟುತ್ತಿದ್ದೇನೆ. ಹಳೆಯ ಫ್ಲಾಟ್ ಅಂದಿರಲ್ಲ, ಈಗಿನ ಮಾಲೀಕರ ಸರ್ವೀಸ್ ಚಾರ್ಜ್ ಬಾಕಿ ಏನಾದರೂ ಇದೆಯಾ ಅಂತ ಎನ್‌ಒಸಿಗೆ (ಮಾರಾಟಕ್ಕೆ ಬಿಲ್ಡರ್ ಕೊಡುವ ಒಪ್ಪಿಗೆ ಪತ್ರ) ಮೊದಲೇ ಕೇಳಿ. ನಮಗೆ ಮಾರಿದವರದು ಎರಡು ಕಂತು ಬಾಕಿ ಇತ್ತು, ಅದು ತೀರುವ ತನಕ ರಿಜಿಸ್ಟ್ರೇಷನ್ ಮೂರು ವಾರ ಮುಂದೆ ಹೋಯಿತು.